ಕತ್ತಲೆ ಕೋಣೆ, ಒಂದು ಟಾರ್ಚು, ಒಂದು ಹನಿ ನೀರು

ನಾಟಿ ಕೋಳಿಯ ಕಂದು ಮೊಟ್ಟೆಯೊಂದನ್ನು ಕತ್ತಲಲ್ಲಿಟ್ಟು ನೇರಳಾತೀತ ಟಾರ್ಚ್ ಬಿಟ್ಟರೆ ಅದು ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತದೆ. ಯಾರೂ ಬಣ್ಣ ಬಳಿದಿಲ್ಲ, ಮೊಟ್ಟೆ ಬಿಸಿಯೂ ಆಗಿಲ್ಲ. ಚಿಪ್ಪಿಗೆ ಕಂದು ಬಣ್ಣ ಕೊಡುವ ಪ್ರೋಟೋಪಾರ್ಫಿರಿನ್ ಎಂಬ ವಸ್ತು ನಮಗೆ ಕಾಣದ ಬೆಳಕನ್ನು ನುಂಗಿ, ಕಾಣುವ ಕೆಂಪು ಬೆಳಕನ್ನು ಹೊರಬಿಡುತ್ತದೆ. ಟಾರ್ಚ್ ಆರಿಸಿದರೆ ಮತ್ತೆ ಮಾಮೂಲಿ ಮೊಟ್ಟೆ. ಇದನ್ನು ಮೊದಲ ಸಲ ನೋಡಿದ ರಾತ್ರಿ ನಾನು ಅಡುಗೆಮನೆಯ ಡಬ್ಬಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಮುಚ್ಚಳ ತೆಗೆದು, ಟಾರ್ಚ್ ಹಿಡಿಯುತ್ತ ಕೂತಿದ್ದೆ. ಆಮೇಲೆ ಕಲಿತದ್ದನ್ನೆಲ್ಲ ಹೊಸಬರಿಗೆ ಅನುಕೂಲವಾಗುವಂತೆ ಇಲ್ಲಿ ಬರೆದಿದ್ದೇನೆ.

ನಮ್ಮ ಕಣ್ಣು ಹಿಡಿಯುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಮಾತ್ರ. ಅದರ ಎರಡೂ ಅಂಚಿನಾಚೆ ಬೆಳಕು ಇದೆ ಎಂದು ತಿಳಿದು ಇನ್ನೂರು ವರ್ಷ ದಾಟಿತು. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದರು. ಪಾದರಸ ಎಲ್ಲಕ್ಕಿಂತ ಹೆಚ್ಚು ಏರಿದ್ದು ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ. ಅದೇ ಅವಗೆಂಪು. ಮರುವರ್ಷ ಜರ್ಮನಿಯ ಯೋಹಾನ್ ರಿಟ್ಟರ್ ಇನ್ನೊಂದು ಅಂಚನ್ನು ಹುಡುಕಿದರು. ನೇರಳೆಯ ಆಚೆ ಇಟ್ಟ ಸಿಲ್ವರ್ ಕ್ಲೋರೈಡ್ ಬೇಗ ಕಪ್ಪಾಯಿತು. ಅದು ನೇರಳಾತೀತ. ಇಬ್ಬರೂ ಆ ಬೆಳಕನ್ನು ಕಣ್ಣಿಂದ ಕಾಣಲಿಲ್ಲ. ಒಬ್ಬರು ಅದನ್ನು ಪಾದರಸದ ಏರಿಕೆಯಾಗಿಸಿ ಓದಿದರು, ಇನ್ನೊಬ್ಬರು ಕಪ್ಪು ಕಲೆಯಾಗಿಸಿ ಓದಿದರು.

ನಾವು ಮನೆಯಲ್ಲಿ ಮಾಡುವುದೂ ಇದನ್ನೇ. ವಸ್ತುವಿನ ಮೇಲೆ ಬೆಳಕು ಬಿಡುತ್ತೇವೆ. ವಸ್ತು ಅದರಲ್ಲಿ ಸ್ವಲ್ಪವನ್ನು ಬದಲಾಯಿಸುತ್ತದೆ, ಸ್ವಲ್ಪವನ್ನು ತಡೆಯುತ್ತದೆ. ಬಿಟ್ಟ ಬೆಳಕೇ ಕಣ್ಣು ತುಂಬಿಕೊಂಡಿದ್ದರೆ ಆ ಬದಲಾವಣೆ ಕಾಣುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಬೆಳಕು ಬಿಡುವ ಸಾಧನಕ್ಕಿಂತ ಬೆಳಕನ್ನು ತಡೆಯುವ ಏರ್ಪಾಡು ಮುಖ್ಯ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ದುಬಾರಿ ಟಾರ್ಚ್ ತರುತ್ತಾರೆ, ಕಿಟಕಿ ಮುಚ್ಚುವುದಿಲ್ಲ.

ಬೇಕಾಗುವ ಸಾಮಾನು

365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್, ಹಳದಿ ಜಿಲೇಟಿನ್ ಪೇಪರ್, ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್, ಕಡಿಮೆ ಶಕ್ತಿಯ ಕೆಂಪು ಲೇಸರ್ ಪಾಯಿಂಟರ್, ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್, ಪಾಲಕ್ ಸೊಪ್ಪು, ಅರಿಶಿನ, ಉಪ್ಪು, ಒಂದು ಬಾಟಲಿ ಟಾನಿಕ್ ವಾಟರ್. ಟಿವಿ ರಿಮೋಟ್, ಮೊಬೈಲು, ಲ್ಯಾಪ್‌ಟಾಪ್ ಮನೆಯಲ್ಲಿ ಇದ್ದೇ ಇರುತ್ತವೆ. ಪೋಲರಾಯ್ಡ್ ಕನ್ನಡಕ ಇದ್ದರೆ ಅದೂ ಇರಲಿ.

ಎಚ್ಚರಿಕೆಯ ಮಾತನ್ನು ಈಗಲೇ ಹೇಳಿಬಿಡುತ್ತೇನೆ. ನೇರಳಾತೀತ ಟಾರ್ಚನ್ನು ಯಾರ ಮುಖಕ್ಕೂ ಹಿಡಿಯಬೇಡಿ. ಅದರ ಬೆಳಕು ಕಣ್ಣಿಗೆ ಮಂದವಾಗಿ ಕಾಣುತ್ತದೆ, ಆದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಅಪಾಯ ಇರುವುದೇ ಅದರಲ್ಲಿ. ರೋಗಾಣು ಕೊಲ್ಲುವುದಕ್ಕೆಂದು ಮಾರುವ 254 ನ್ಯಾನೋಮೀಟರ್ ದೀಪ ಬೇರೆಯೇ ಜಾತಿ. ಅದು ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ, ಈ ಕೆಲಸಕ್ಕೆ ಖಂಡಿತ ಬೇಡ. ಲೇಸರ್ ಒಂದು ಕ್ಷಣವೂ ಕಣ್ಣಿಗೆ ನೇರವಾಗಿ ಬೀಳಬಾರದು, ಕನ್ನಡಿ, ಸ್ಟೀಲ್ ಪಾತ್ರೆಗಳಿಂದ ಪ್ರತಿಫಲಿಸಿಯೂ ಬೀಳಬಾರದು. ಸ್ಪಿರಿಟ್ ಬಳಸುವಾಗ ಹತ್ತಿರ ಒಲೆ, ದೀಪ, ಊದುಬತ್ತಿ ಇರಬಾರದು. ಮಕ್ಕಳು ಜೊತೆಗಿದ್ದರೆ ಟಾರ್ಚ್ ಮತ್ತು ಲೇಸರ್ ದೊಡ್ಡವರ ಕೈಯಲ್ಲೇ ಇರಲಿ.

ಹಂತ 1: ಕತ್ತಲೆ ಮಾಡಿಕೊಳ್ಳಿ

ಕಿಟಕಿಗೆ ದಪ್ಪ ಕಂಬಳಿ ಹಾಕಿ. ಬಾಗಿಲ ಸಂದಿಗೆ ಹಳೇ ಟವಲ್ ಒತ್ತಿ. ವೈಫೈ ಪೆಟ್ಟಿಗೆ, ಸೆಟ್‌ಟಾಪ್ ಬಾಕ್ಸ್, ಯುಪಿಎಸ್‌ಗಳ ಪುಟ್ಟ ದೀಪಗಳ ಮೇಲೆ ಕಪ್ಪು ಟೇಪ್ ಅಂಟಿಸಿ. ಹತ್ತು ನಿಮಿಷ ಕತ್ತಲಲ್ಲಿ ಕೂತ ಮೇಲೆ ಆ ಚುಕ್ಕಿ ದೀಪಗಳೂ ಕಣ್ಣು ಕುಕ್ಕುತ್ತವೆ. ಇಪ್ಪತ್ತು ನಿಮಿಷ ಹಾಗೇ ಕೂತಿರಿ, ಮೊಬೈಲ್ ನೋಡಬೇಡಿ. ಮೊದಲು ಏನೂ ಕಾಣದಿದ್ದ ಕೋಣೆಯಲ್ಲಿ ಮೇಜಿನ ಅಂಚು, ಗೋಡೆಯ ಕ್ಯಾಲೆಂಡರ್ ಮೆಲ್ಲಗೆ ಮೂಡಿಬಂದಾಗ ಕಣ್ಣು ಕೆಲಸಕ್ಕೆ ತಯಾರಾಗಿದೆ ಎಂದರ್ಥ.

ಹಂತ 2: ರಿಮೋಟಿನ ಬೆಳಕು ನೋಡಿ

ಶುರುವಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಮೊಬೈಲಿನ ಕ್ಯಾಮೆರಾ ತೆರೆದು ಸೆಲ್ಫಿಗೆ ತಿರುಗಿಸಿ. ರಿಮೋಟಿನ ತುದಿಯ ಪುಟ್ಟ ಬಲ್ಬನ್ನು ಕ್ಯಾಮೆರಾದ ಎದುರು ಹಿಡಿದು ಯಾವುದಾದರೂ ಗುಂಡಿ ಒತ್ತಿ. ಬರಿಗಣ್ಣಿಗೆ ಬಲ್ಬು ಸತ್ತ ಹಾಗಿರುತ್ತದೆ, ಪರದೆಯ ಮೇಲೆ ಮಾತ್ರ ಬಿಳಿ ಮಿಶ್ರಿತ ನೇರಳೆ ಬೆಳಕು ಪಟಪಟನೆ ಮಿನುಗುತ್ತದೆ.

ರಿಮೋಟ್ ಬಿಡುವುದು ಸಾಮಾನ್ಯವಾಗಿ 940 ನ್ಯಾನೋಮೀಟರಿನ ಅವಗೆಂಪು. ಕ್ಯಾಮೆರಾದೊಳಗಿನ ಸಿಲಿಕಾನ್ ಚಿಪ್ಪಿಗೆ ಅದು ಕಾಣುತ್ತದೆ. ಫೋಟೋದ ಬಣ್ಣ ಕೆಡಬಾರದೆಂದು ಕ್ಯಾಮೆರಾ ಮಾಡುವವರು ಅವಗೆಂಪನ್ನು ತಡೆಯುವ ಗಾಜು ಹಾಕುತ್ತಾರೆ. ಹಿಂದಿನ ಕ್ಯಾಮೆರಾದಲ್ಲಿ ಈ ತಡೆ ಹೆಚ್ಚಾಗಿ ಬಲವಾಗಿರುತ್ತದೆ, ಮುಂದಿನದರಲ್ಲಿ ಸಡಿಲ. ಅದಕ್ಕೇ ಸೆಲ್ಫಿ ಕ್ಯಾಮೆರಾ ಅಂದದ್ದು. ರಿಮೋಟ್ ಕೆಲಸ ಮಾಡದಿದ್ದಾಗ ಕೆಟ್ಟಿರುವುದು ರಿಮೋಟೋ ಟಿವಿಯೋ ಎಂದು ತಿಳಿಯುವುದಕ್ಕೂ ಇದೇ ಪರೀಕ್ಷೆ ಸಾಕು. ಪರದೆಯಲ್ಲಿ ಮಿನುಗು ಕಂಡರೆ ರಿಮೋಟ್ ಜೀವಂತವಾಗಿದೆ.

ಹಂತ 3: ನೇರಳಾತೀತ ಟಾರ್ಚಿನಿಂದ ಅಡುಗೆಮನೆ ನೋಡಿ

ಮೊದಲು ಟಾರ್ಚನ್ನೇ ಪರೀಕ್ಷಿಸಿ. ನಾನು ಮೊದಲು ತರಿಸಿಕೊಂಡ ಟಾರ್ಚಿನ ಡಬ್ಬದ ಮೇಲೆ 365 ಎಂದು ಅಚ್ಚಾಗಿತ್ತು, ಒಳಗಿದ್ದದ್ದು 395ರ ಜಾತಿಯದು. ಬಿಳಿ ಗೋಡೆಗೆ ಬಿಟ್ಟರೆ ಇಡೀ ಗೋಡೆ ನೇರಳೆಯಾಗುತ್ತಿತ್ತು. ಆ ನೇರಳೆಯಲ್ಲಿ ಮಂದವಾದ ಹೊಳಪೆಲ್ಲ ಮುಳುಗಿಹೋಗಿ, ಎರಡು ವಾರ ನನ್ನ ಕೈಕೆಲಸದಲ್ಲೇ ತಪ್ಪಿದೆ ಎಂದುಕೊಂಡಿದ್ದೆ. ನಿಜವಾದ 365ರ ಟಾರ್ಚ್ ಗೋಡೆಯ ಮೇಲೆ ಮಂಕಾದ, ಬೂದು ಬಿಳುಪಿನ ವೃತ್ತವಾಗಿ ಕಾಣುತ್ತದೆ. 395ರದ್ದೇ ಕೈಗೆ ಬಂದಿದ್ದರೆ ಎಸೆಯಬೇಕಿಲ್ಲ. ಹಳದಿ ಜಿಲೇಟಿನ್ ಪೇಪರನ್ನು ಎರಡು ಪದರ ಮಡಚಿ ಕಣ್ಣಿನ ಮುಂದೆ ಹಿಡಿದುಕೊಳ್ಳಿ. ಹಳದಿ ಪೇಪರ್ ನೇರಳೆಯ ಬಹುಪಾಲನ್ನು ತಡೆಯುತ್ತದೆ, ಹಸಿರು, ಹಳದಿ, ಕೆಂಪನ್ನು ಬಿಡುತ್ತದೆ. ಟಾರ್ಚಿನ ಬೆಳಕು ಮಾಯವಾಗಿ ವಸ್ತುವಿನ ಬೆಳಕು ಉಳಿಯುತ್ತದೆ.

ಈಗ ಪಾಲಕ್. ಐದಾರು ಎಲೆಯನ್ನು ಹರಿದು, ಗಾಜಿನ ಲೋಟದಲ್ಲಿ ಹಾಕಿ, ಮುಳುಗುವಷ್ಟು ಸ್ಪಿರಿಟ್ ಸುರಿದು ಚಮಚದ ಹಿಂಬದಿಯಿಂದ ಅರೆಯಿರಿ. ಕಾಲು ಗಂಟೆ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಕೈಗೆ ಬರುವುದು ಗಾಢ ಹಸಿರಿನ ರಸ. ದೀಪ ಆರಿಸಿ, ಲೋಟದ ಪಕ್ಕದಿಂದ ಟಾರ್ಚ್ ಬಿಡಿ. ಗಾಜಿಗೆ ತಗುಲಿದ ರಸದ ಅಂಚು ರಕ್ತದಂಥ ಕೆಂಪಾಗುತ್ತದೆ. ಲೋಟವನ್ನು ಮೆಲ್ಲಗೆ ಅಲ್ಲಾಡಿಸಿದರೆ ಕೆಂಪು ಪದರವೂ ಅಲೆಯಾಗಿ ಓಲಾಡುತ್ತದೆ, ಅದರ ಹಿಂದೆ ಹಸಿರು ನೆರಳು. ನಾನು ಎಷ್ಟು ಸಲ ಮಾಡಿದ್ದರೂ ಇದರ ಮುಂದೆ ಒಂದು ಗಳಿಗೆ ಮಾತು ನಿಂತುಬಿಡುತ್ತದೆ.

ಇದು ನಡೆಯುವ ಬಗೆ ಹೀಗೆ. ಜೀವಂತ ಎಲೆಯಲ್ಲಿ ಪತ್ರಹರಿತ್ತು ನುಂಗಿದ ಬೆಳಕಿನ ಶಕ್ತಿ ಆಹಾರ ತಯಾರಿಕೆಯ ಕಡೆಗೆ ಹೋಗುತ್ತದೆ. ಅರೆದು ಸ್ಪಿರಿಟಿನಲ್ಲಿ ಕರಗಿಸಿದಾಗ ಆ ದಾರಿ ಕಡಿದುಹೋಗಿರುತ್ತದೆ. ಹೋಗಲು ಜಾಗವಿಲ್ಲದ ಶಕ್ತಿಯಲ್ಲಿ ಒಂದಷ್ಟು ಕೆಂಪು ಬೆಳಕಾಗಿ ಹೊರಬೀಳುತ್ತದೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಜೀವಂತ ಎಲೆಯೂ ಬಿಸಿಲಲ್ಲಿ ತೀರಾ ಸ್ವಲ್ಪ ಹೀಗೆ ಹೊಳೆಯುತ್ತಿರುತ್ತದೆ. 2014ರಲ್ಲಿ ಹಾರಿಸಿದ ನಾಸಾದ ಓಸಿಓ-2 ಉಪಗ್ರಹ ಆಕಾಶದಿಂದ ಅಳೆಯುವ ಸಂಗತಿಗಳಲ್ಲಿ ಅದೂ ಒಂದು. ಕಾಡು, ಹೊಲಗಳಲ್ಲಿ ಹಸಿರು ಎಷ್ಟು ಚುರುಕಾಗಿ ಕೆಲಸ ಮಾಡುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ.

ಆಮೇಲೆ ಅರಿಶಿನ. ಎರಡು ಲೋಟ ಇಡಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸ್ಪಿರಿಟ್. ಎರಡಕ್ಕೂ ಚಿಟಿಕೆ ಅರಿಶಿನ. ಟಾರ್ಚ್ ಬಿಟ್ಟರೆ ನೀರಿನದು ಮಂಕು, ಸ್ಪಿರಿಟಿನದು ಕಣ್ಣು ಸೆಳೆಯುವ ಹಸಿರು ಹಳದಿ. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಸ್ಪಿರಿಟಿನಲ್ಲಿ ಕರಗುತ್ತದೆ, ಹೊಳೆಯುತ್ತದೆ.

ಟಾನಿಕ್ ವಾಟರಿನಲ್ಲಿ ಕ್ವಿನೈನ್ ಇರುತ್ತದೆ. ಅದು ತಿಳಿ ನೀಲಿಯಾಗಿ ಬೆಳಗುತ್ತದೆ. ಈಗ ಅದಕ್ಕೆ ಒಂದು ಚಮಚ ಉಪ್ಪು ಹಾಕಿ ಕದಡಿ. ನೋಡುನೋಡುತ್ತಿದ್ದಂತೆ ನೀಲಿ ಕುಗ್ಗುತ್ತದೆ. ಉಪ್ಪಿನ ಕ್ಲೋರೈಡ್ ಅಯಾನುಗಳು ಡಿಕ್ಕಿ ಹೊಡೆದು, ಬೆಳಕಾಗಿ ಬರಬೇಕಿದ್ದ ಶಕ್ತಿಯನ್ನು ಕಸಿದುಕೊಳ್ಳುತ್ತವೆ. ಕರಗಿದ ಉಪ್ಪು ಕಣ್ಣಿಗೆ ಕಾಣದು, ಆದರೆ ನೀಲಿ ಕುಗ್ಗಿದ್ದರಿಂದ ಅದರ ಇರವು ಗೊತ್ತಾಯಿತು. ಇವತ್ತಿನ ಪ್ರಯೋಗಶಾಲೆಗಳಲ್ಲಿ ಕ್ಲೋರೈಡನ್ನು ಪತ್ತೆಮಾಡುವ ಹಲವು ವಿಧಾನಗಳ ಬೇರು ಇದೇ. ಕ್ವಿನೈನಿನ ಈ ನೀಲಿಯನ್ನು 1845ರಲ್ಲಿ ವರದಿ ಮಾಡಿದವರು ಜಾನ್ ಹರ್ಷೆಲ್, ಅವಗೆಂಪು ಕಂಡುಹಿಡಿದ ವಿಲಿಯಂ ಹರ್ಷೆಲರ ಮಗ. ತಂದೆ ಒಂದು ಅಂಚಿನಾಚೆ ಕೈಚಾಚಿದರೆ ಮಗ ಇನ್ನೊಂದು ಅಂಚಿನ ಹತ್ತಿರ ನಿಂತಿದ್ದರು. ಆ ನೀಲಿಯ ಕಾರಣವನ್ನು 1852ರಲ್ಲಿ ಬಿಡಿಸಿದವರು ಜಾರ್ಜ್ ಸ್ಟೋಕ್ಸ್: ನುಂಗಿದ ಬೆಳಕಿಗಿಂತ ಉಗುಳಿದ ಬೆಳಕಿನ ತರಂಗದೂರ ಹೆಚ್ಚು.

ಉಳಿದವನ್ನು ನೀವೇ ಹುಡುಕಿ. ಒಗೆದ ಬಿಳಿ ಅಂಗಿ ಸೋಪಿನ ಪುಡಿಯ ಬಿಳುಪುಕಾರಕದಿಂದ ನೀಲಿಯಾಗಿ ಉರಿಯುತ್ತದೆ. ನೋಟಿನಲ್ಲಿ ಹುದುಗಿದ ಎಳೆಗಳು ಮಿಂಚುತ್ತವೆ. ಮಳೆಗಾಲ ಮುಗಿದ ಮೇಲೆ ಹಿತ್ತಲ ಕಲ್ಲಿನ ಕಟ್ಟೆಗೆ, ಸೌದೆ ರಾಶಿಗೆ ದೂರದಿಂದಲೇ ಟಾರ್ಚ್ ಬಿಟ್ಟು ನೋಡಿ. ಚೇಳು ಇದ್ದರೆ ಹಸಿರು ನೀಲಿಯಾಗಿ ಬೆಳಗುತ್ತದೆ, ಹತ್ತಾರು ಅಡಿ ದೂರಕ್ಕೂ ಕಾಣುತ್ತದೆ. ಆಗಷ್ಟೇ ಪೊರೆ ಬಿಟ್ಟ ಚೇಳು ಹೊಳೆಯುವುದಿಲ್ಲ, ಹಾಗಾಗಿ ಹೊಳಪಿಲ್ಲ ಎಂದು ಬರಿಗಾಲಲ್ಲಿ ನಡೆಯಬೇಡಿ.

ಹಳದಿ ಪೇಪರಿನ ಉಪಾಯ ಚಿಕ್ಕದು ಅನ್ನಿಸಬಹುದು. ಆದರೆ 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಹಿಡಿದದ್ದು ಇದೇ ಜಾಡು. ಬಿಸಿಲನ್ನು ಮಸೂರದಿಂದ ಒಟ್ಟುಮಾಡಿ, ನೀಲಿ ನೇರಳೆ ಗಾಜಿನ ಮೂಲಕ ದ್ರವಕ್ಕೆ ಬಿಟ್ಟರು. ಚದುರಿ ಬಂದ ಬೆಳಕನ್ನು ಆ ನೀಲಿ ನೇರಳೆ ದಾಟಲಾಗದ ಇನ್ನೊಂದು ಗಾಜಿನ ಮೂಲಕ ನೋಡಿದರು. ದ್ರವ ಬೆಳಕನ್ನು ಬದಲಾಯಿಸದೆ ಇದ್ದಿದ್ದರೆ ಎರಡನೇ ಗಾಜಿನಾಚೆ ಪೂರಾ ಕತ್ತಲೆ ಇರಬೇಕಿತ್ತು. ಕತ್ತಲೆ ಇರಲಿಲ್ಲ, ಮಂದವಾದೊಂದು ಬೆಳಕು ಉಳಿದಿತ್ತು. ಸುಮಾರು ಅರವತ್ತು ದ್ರವಗಳನ್ನು ನೋಡಿದರು, ಎಲ್ಲದರಲ್ಲೂ ಅದು ಇತ್ತು. ಒಂದೊಂದು ವಸ್ತುವಿನ ಅಣುಗಳು ಒಂದೊಂದು ಬಗೆಯಲ್ಲಿ ಬೆಳಕನ್ನು ಬದಲಾಯಿಸುವುದರಿಂದ, ಇಂದು ಔಷಧ, ರತ್ನ, ಸ್ಫೋಟಕಗಳನ್ನು ಡಬ್ಬಿ ತೆರೆಯದೆಯೇ ಗುರುತಿಸುವುದು ಈ ರಾಮನ್ ಪರಿಣಾಮದಿಂದ ಸಾಧ್ಯ. 1930ರಲ್ಲಿ ರಾಮನ್ ಅವರಿಗೆ ನೊಬೆಲ್ ಬಂತು, 1933ರಲ್ಲಿ ಅವರು ಬೆಂಗಳೂರಿಗೆ ಬಂದರು, 1970ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಉಳಿದರು. ವಜ್ರಗಳು ಹೇಗೆ ಹೊಳೆಯುತ್ತವೆ ಎಂದು ವರ್ಷಗಟ್ಟಲೆ ಬೆನ್ನುಹತ್ತಿದ್ದೂ ಬೆಂಗಳೂರಿನಲ್ಲೇ.

ಹಂತ 4: ಪ್ಲಾಸ್ಟಿಕ್ಕಿನೊಳಗಿನ ಬಿಗಿತ ನೋಡಿ

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪೋಲರಾಯ್ಡ್ ಕನ್ನಡಕವನ್ನು ಕಣ್ಣಿನ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಅಲ್ಲೇ ನಿಲ್ಲಿಸಿ, ಪರದೆಗೂ ಕನ್ನಡಕಕ್ಕೂ ನಡುವೆ ಜಾಮಿಟ್ರಿ ಬಾಕ್ಸಿನ ಪಾರದರ್ಶಕ ಕೋನಮಾಪಕ ಹಿಡಿಯಿರಿ. ಕಪ್ಪು ಹಿನ್ನೆಲೆಯಲ್ಲಿ ಕಾಮನಬಿಲ್ಲಿನ ಪಟ್ಟೆಗಳು ಏಳುತ್ತವೆ. ಅಚ್ಚಿನಲ್ಲಿ ಎರಕವಾಗಿ ತಣ್ಣಗಾಗುವಾಗ ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಬಿದ್ದ ಬಿಗಿತವೇ ಆ ಪಟ್ಟೆ. ಎಲ್ಲಿ ಪಟ್ಟೆ ದಟ್ಟವೋ ಅಲ್ಲಿ ಬಿಗಿತ ಹೆಚ್ಚು, ಮುರಿಯುವುದಾದರೆ ಬಿರುಕು ಹುಟ್ಟುವುದು ಹೆಚ್ಚಾಗಿ ಅಂಥ ಕಡೆಯೇ. ತುದಿಗಳನ್ನು ಬೆರಳಲ್ಲಿ ಒತ್ತಿದರೆ ಬಣ್ಣ ಸರಿದಾಡುತ್ತದೆ. ಸೇತುವೆ, ಯಂತ್ರಭಾಗಗಳ ಪ್ಲಾಸ್ಟಿಕ್ ಮಾದರಿ ಮಾಡಿ ಹೊರೆ ಎಲ್ಲಿ ಬೀಳುತ್ತದೆಂದು ಇಂಜಿನಿಯರುಗಳು ನೋಡುತ್ತಿದ್ದದ್ದು ಹೀಗೇ.

ಇಲ್ಲೂ ನಾವು ಬಿಟ್ಟ ಬೆಳಕನ್ನು ತಡೆದಿದ್ದೇವೆ, ಬಣ್ಣದಿಂದಲ್ಲ, ಕಂಪಿಸುವ ದಿಕ್ಕಿನಿಂದ. ಒಂದೇ ದಿಕ್ಕಿನಲ್ಲಿ ಕಂಪಿಸುವ ಇಂಥ ಧ್ರುವೀಕೃತ ಬೆಳಕು ಹರಳುಗಳಲ್ಲಿ ಹೇಗೆ ವರ್ತಿಸುತ್ತದೆ ಎಂದು ಅಳೆಯುತ್ತಲೇ ಎಸ್. ಪಂಚರತ್ನಂ 1956ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಈಗ ಜಗತ್ತೆಲ್ಲ ಅವರ ಹೆಸರಿನಿಂದ ಕರೆಯುವ ಪ್ರಾವಸ್ಥೆಯನ್ನು (ಫೇಸ್) ಕಂಡುಕೊಂಡರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು.

ಹಂತ 5: ಬೆರಳಲ್ಲಿ ನಾಡಿ ನೋಡಿ

ಇಲ್ಲಿಂದ ಮುಂದೆ ಬದಲಾದ ಬೆಳಕನ್ನಲ್ಲ, ಬಾರದೆ ಉಳಿದ ಬೆಳಕನ್ನು ಓದುತ್ತೇವೆ.

ಮೊಬೈಲಿನ ಹಿಂದಿನ ಕ್ಯಾಮೆರಾ ಮತ್ತು ಫ್ಲಾಶ್ ಎರಡನ್ನೂ ಮುಚ್ಚುವಂತೆ ತೋರುಬೆರಳು ಇಡಿ. ಒತ್ತಬೇಡಿ, ಒತ್ತಿದರೆ ರಕ್ತ ಸರಿದುಹೋಗುತ್ತದೆ. ಫ್ಲಾಶ್ ಹೊತ್ತಿಸಿಕೊಂಡು ಅರ್ಧ ನಿಮಿಷ ವಿಡಿಯೋ ತೆಗೆಯಿರಿ. ಫ್ಲಾಶ್ ಬಿಸಿ ಅನ್ನಿಸಿದರೆ ಬೆರಳು ತೆಗೆದುಬಿಡಿ. ಪರದೆ ಪೂರಾ ಕೆಂಪಾಗಿರುತ್ತದೆ. ಕತ್ತಲಲ್ಲಿ ಗಮನವಿಟ್ಟು ನೋಡಿದರೆ ಆ ಕೆಂಪು ಲಯಬದ್ಧವಾಗಿ ಒಂದಿಷ್ಟೇ ಮಬ್ಬಾಗಿ ಮತ್ತೆ ಬೆಳಗುತ್ತದೆ. ಹೃದಯ ಬಡಿದಾಗ ಬೆರಳಿಗೆ ರಕ್ತ ತುಸು ಹೆಚ್ಚು ನುಗ್ಗುತ್ತದೆ, ಬೆಳಕನ್ನು ತುಸು ಹೆಚ್ಚು ನುಂಗುತ್ತದೆ. ಏರಿಳಿತ ನೂರಕ್ಕೆ ಒಂದೆರಡು ಪಾಲಷ್ಟೇ ಆದ್ದರಿಂದ ಕಾಣದೆ ಹೋದರೆ ಬೇಸರ ಬೇಡ. ನಾಡಿ ಎಣಿಸುವ ಆಪ್ ಅದನ್ನೇ ಗೆರೆಯಾಗಿ ಬರೆದು ತೋರಿಸುತ್ತದೆ. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರಿನ ತಿರುಳು ಇದೇ. ಅದರಲ್ಲಿ 660ರ ಕೆಂಪು, 940ರ ಅವಗೆಂಪು ಎರಡು ಬೆಳಕು ಇರುತ್ತವೆ. ಆಮ್ಲಜನಕ ತುಂಬಿದ ರಕ್ತ, ತುಂಬದ ರಕ್ತ ಅವೆರಡನ್ನು ಬೇರೆ ಬೇರೆ ಪ್ರಮಾಣದಲ್ಲಿ ನುಂಗುವುದರಿಂದ ಲೆಕ್ಕ ಸಿಗುತ್ತದೆ. ಜಪಾನಿನ ತಕುವೊ ಅಯೊಯಾಗಿ 1970ರ ದಶಕದ ಮೊದಲ ಭಾಗದಲ್ಲಿ ಈ ದಾರಿ ತೋರಿಸಿದರು. ಮೊಬೈಲಿನ ಎಣಿಕೆ ಕಲಿಯಲಿಕ್ಕಷ್ಟೇ, ಕಾಯಿಲೆಯ ತೀರ್ಮಾನಕ್ಕೆ ಡಾಕ್ಟರರೇ ಬೇಕು.

ಹಂತ 6: ಒಂದು ಹನಿಯನ್ನು ಗೋಡೆಗೆ ಬಿಡಿ

ಇದಕ್ಕೆ ನಾಲ್ಕು ದಿನ ಮೊದಲೇ ತಯಾರಿ ಬೇಕು. ಕೆರೆ ಅಥವಾ ತೊಟ್ಟಿಯ ನೀರನ್ನು ಒಂದು ಬಾಟಲಿಯಲ್ಲಿ ತಂದು, ಎರಡು ಒಣ ಹುಲ್ಲಿನ ಕಡ್ಡಿ ಹಾಕಿ, ಮುಚ್ಚಳ ಬಿಗಿಮಾಡದೆ ಕಿಟಕಿ ಹತ್ತಿರ ಇಡಿ.

ಒಂದೇ ಎತ್ತರದ ಎರಡು ಡಬ್ಬಗಳ ನಡುವೆ ಸಿರಿಂಜನ್ನು ನೆಟ್ಟಗೆ ನಿಲ್ಲಿಸಿ, ತುದಿ ಕೆಳಗಿರಲಿ, ರಬ್ಬರ್ ಬ್ಯಾಂಡ್ ಸುತ್ತಿ. ಬಾಟಲಿಯ ನೀರು ತುಂಬಿ, ತುದಿಯಲ್ಲಿ ಹನಿಯೊಂದು ತೂಗಾಡಿಕೊಂಡು ನಿಲ್ಲುವಷ್ಟು ಮಾತ್ರ ಒತ್ತಿ. ಇಲ್ಲಿ ಅವಸರ ಕೂಡದು. ನನ್ನ ಮೊದಲ ಹತ್ತು ಹನಿ ಬಿದ್ದೇ ಹೋದವು. ಬಿಳಿ ಗೋಡೆ ಹನಿಯಿಂದ ಎರಡು ಮೀಟರ್ ದೂರ ಇರಲಿ. ಲೇಸರನ್ನು ಪುಸ್ತಕಗಳ ಮೇಲೆ ಮಲಗಿಸಿ, ಬಟ್ಟೆ ಕ್ಲಿಪ್ಪಿನಿಂದ ಗುಂಡಿ ಒತ್ತಿಹಿಡಿದು, ಕಿರಣ ಹನಿಯ ನಟ್ಟನಡುವೆ ಹಾಯುವಂತೆ ಎತ್ತರ ಹೊಂದಿಸಿ. ಎಲ್ಲರೂ ಲೇಸರಿನ ಹಿಂದೆ ಇರಬೇಕು, ಗೋಡೆಯ ಕಡೆಯಿಂದ ಯಾರೂ ಹನಿಯತ್ತ ಇಣುಕಬಾರದು. ಫ್ಯಾನ್ ಆರಿಸಿ.

ಕಿರಣ ಸರಿಯಾಗಿ ಹೊಕ್ಕ ಕೂಡಲೇ ಗೋಡೆಯ ಮೇಲೆ ದೊಡ್ಡ ಕೆಂಪು ವೃತ್ತ ಅರಳುತ್ತದೆ. ಹನಿಯೇ ಇಲ್ಲಿ ಮಸೂರ. ನಾಲ್ಕು ಮಿಲಿಮೀಟರ್ ಅಗಲದ ಹನಿ ಎರಡು ಮೀಟರ್ ದೂರಕ್ಕೆ ಸುಮಾರು 500 ಪಟ್ಟು ಹಿಗ್ಗಿಸುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಪಾಲು ಇರುವ ಜೀವಿಯ ನೆರಳು ಗೋಡೆಯ ಮೇಲೆ ಐದು ಸೆಂಟಿಮೀಟರ್ ಆಗುತ್ತದೆ. ನೆರಳಿನ ಸುತ್ತ ಉಂಗುರದ ಮೇಲೆ ಉಂಗುರ ಕಾಣುತ್ತವೆ. ಅವು ಜೀವಿಯ ಅಂಗಗಳಲ್ಲ, ಅಂಚಿನಲ್ಲಿ ಬೆಳಕು ಬಾಗಿದ್ದರಿಂದ ಆದ ಗೆರೆಗಳು. ಚಿತ್ರ ತಲೆಕೆಳಗಾಗಿರುತ್ತದೆ ಎಂಬುದೂ ನೆನಪಿರಲಿ. ಮೇಲಕ್ಕೆ ತೇಲುತ್ತಿದೆ ಅನ್ನಿಸುವ ದೂಳು ನಿಜದಲ್ಲಿ ಹನಿಯ ತಳಕ್ಕೆ ಇಳಿಯುತ್ತಿದೆ.

ದೂಳು ಯಾವುದು, ಜೀವ ಯಾವುದು? ದೂಳು ಹನಿಯೊಳಗಿನ ಹರಿವಿನ ಜೊತೆ ಎಲ್ಲ ಒಂದೇ ಕಡೆ ಸಾಗುತ್ತದೆ. ಜೀವಿ ತನ್ನ ಪಾಡಿಗೆ ತಿರುಗುತ್ತದೆ, ನಿಲ್ಲುತ್ತದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಅನುಮಾನ ಬಂದರೆ ಅದೇ ನೀರನ್ನು ಕುದಿಸಿ ಆರಿಸಿ ಇನ್ನೊಂದು ಹನಿ ಬಿಡಿ. ಚುಕ್ಕಿಗಳು ಇರುತ್ತವೆ, ಓಡಾಟ ಇರುವುದಿಲ್ಲ. ಆದರೆ ಗೋಡೆಯ ಮೇಲೆ ಏನೂ ಕಾಣಲಿಲ್ಲವೆಂದು ಆ ನೀರು ಕುಡಿಯಲು ಯೋಗ್ಯ ಎಂದುಕೊಳ್ಳಬೇಡಿ. ಕಾಯಿಲೆ ತರುವ ಎಷ್ಟೋ ಜೀವಿಗಳು ಈ ಹನಿಗೂ ಸಿಗದಷ್ಟು ಚಿಕ್ಕವು.

ಒಂದು ಪುಸ್ತಕದಲ್ಲಿ ದಿನ, ನೀರು ತಂದ ಜಾಗ, ಕಂಡ ಆಕಾರ ಬರೆದಿಡಿ. ಮೊದಲ ದಿನದ ನೀರಲ್ಲಿ ಹೆಚ್ಚಾಗಿ ದೂಳಷ್ಟೇ ಇರುತ್ತದೆ. ನಾಲ್ಕನೆಯ ರಾತ್ರಿ ಹುಲ್ಲುಕಡ್ಡಿಯ ಪಕ್ಕದಿಂದಲೇ ನೀರೆಳೆದು, ಮನೆಯವರನ್ನೆಲ್ಲ ಲೇಸರಿನ ಹಿಂದೆ ಸಾಲಾಗಿ ಕೂರಿಸಿ, ದೀಪ ಆರಿಸಿ, ಹನಿ ಬಿಡಿ. ಮೊದಲು ಒಂದು ನೆರಳು ವೃತ್ತದ ಅಂಚಿನಿಂದ ಒಳಗೆ ನುಸುಳುತ್ತದೆ, ಅದರ ಹಿಂದೆ ಇನ್ನೊಂದು.